ಕಿವಿ ಚುರುಕೆಂದು ಅಕ್ಷರ ತಪ್ಪಿಸಬೇಡಿ

‘ಕಣ್ಣು ಕೊಡದ ದೇವರು ಕಂಠ ಕೊಟ್ಟಿರ್ತಾನೆ ಮಿಸ್’ ಎನ್ನುತ್ತಲೇ ಮಗುವನ್ನು ಪಾಠಕ್ಕೆ ಬಿಡುವವರು ಇದ್ದಾರೆ. ಊರಿಗಾಂನಲ್ಲಿ ಸಂಗೀತ ಕಲಿಸುವ ನನಗೆ ಈ ಮಾತು ಸಿಟ್ಟು ತರಿಸುತ್ತದೆ. ಮಾರಿಕುಪ್ಪಂನಿಂದ ಬರುವ ಕಣ್ಣು ಕಾಣದ ಹುಡುಗಿಗೂ ಪಕ್ಕದ ಕ್ವಾರ್ಟರ್ಸಿನ ಹುಡುಗನಿಗೂ ಸರಳೆ ವರಸೆಯ ಶುದ್ಧ ರಿಷಭ ಒಂದೇ ಥರ ಮೇಲಕ್ಕೆ ಜಾರುತ್ತದೆ. ಇಬ್ಬರಿಗೂ ಬೇಕಾದದ್ದು ಸಾಧಕ.

ಹೊಗಳಿಕೆಯ ಹಿಂದೆಯೇ ಒಂದು ಅನ್ಯಾಯ ಬರುತ್ತದೆ. ಕೇಳಿ ಕಲಿಯುತ್ತಾಳೆ ಬಿಡಿ ಎಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಎರಡನೇ ಆವರ್ತದ ಒಂದು ಸ್ವರ ಬೇಕೆಂದರೆ ಅವಳು ತಡಕಾಡಬೇಕು. ನನ್ನ ತಪ್ಪೂ ಅವಳ ಪಾಠವಾಗಿಬಿಡುತ್ತದೆ. ಅವಳಿಗೆ ಬೇಕಾದದ್ದು ಬೆರಳಿನಿಂದ ಓದುವ ಬ್ರೈಲ್ ಅಕ್ಷರ. ಆ ಲಿಪಿ ಕೊಟ್ಟ ಲೂಯಿ ಬ್ರೈಲ್ ಸ್ವತಃ ಆರ್ಗನ್ ವಾದಕ. 1829ರ ಅವನ ಪುಸ್ತಕದಲ್ಲೇ ಸಂಗೀತ ಬರೆಯುವ ಕ್ರಮವೂ ಇತ್ತು.

ನಮ್ಮ ಚಿನ್ನದ ಗಣಿ ಊರಿಗಂತೂ ಬ್ರೈಲ್ ಹೇಳಿ ಮಾಡಿಸಿದಂತಿದೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ತ್ಯಾಗರಾಜರ ಕೃತಿ ತೆಲುಗು. ಕಣ್ಣಿರುವ ಮಕ್ಕಳು ತೆಲುಗು ಸಾಹಿತ್ಯವನ್ನು ತಮಿಳಕ್ಷರದಲ್ಲಿ ಬರೆದುಕೊಂಡು ‘ಕ’ ಯಾವುದು, ‘ಗ’ ಯಾವುದು ಎಂದು ಒದ್ದಾಡುತ್ತಾರೆ. ಭಾರತೀಯ ಭಾಷೆಗಳಿಗೆಂದು ರೂಪಿಸಿದ 1951ರ ಭಾರತಿ ಬ್ರೈಲಿನಲ್ಲಿ ಕನ್ನಡದ ‘ಸ’, ತೆಲುಗಿನ ‘ಸ’ ಎರಡೂ 2, 3, 4ನೇ ಚುಕ್ಕಿಗಳೇ. ಎರಡು ಲಿಪಿಯ ಕಷ್ಟ ಅವಳಿಗಿಲ್ಲ. ಎಡಗೈ ಬೆರಳು ಸ್ವರ ಓದುತ್ತದೆ, ಬಲಗೈ ತೊಡೆಯ ಮೇಲೆ ಆದಿತಾಳ ಹಾಕುತ್ತದೆ. ವೀಣೆಗೆ, ಪಿಟೀಲಿಗೆ ಇದು ನಡೆಯದು. ಎರಡೂ ಕೈಗೆ ಕೆಲಸವಿರುವುದರಿಂದ ಮೊದಲು ಓದಿ ಬಾಯಿಪಾಠ ಮಾಡಲೇಬೇಕು. ಬರೆಯುವುದು ಇನ್ನೂ ತಮಾಷೆ: ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು. ನನಗಿನ್ನೂ ಕೈ ಹದಕ್ಕೆ ಬಂದಿಲ್ಲ.

‘ಗದಗಕ್ಕೆ ಕಳಿಸಿ’ ಎನ್ನುವವರಿದ್ದಾರೆ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ನನಗೆ ಭಕ್ತಿಯೇ ಇದೆ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಮೂರನ್ನೂ ಕೊಟ್ಟರು. ಬಸವರಾಜ ರಾಜಗುರು, ವೆಂಕಟೇಶ್ ಕುಮಾರ್ ಅವರಂಥ ಕಣ್ಣುಳ್ಳವರೂ ಅವರ ಮುಂದೆ ಕೂತು ಕಲಿತರು. ಆದರೆ ಗದಗದಲ್ಲಿ ನೆಲೆ ನಿಲ್ಲುವ ಮೊದಲು ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದ್ದನ್ನು ಮರೆಯುತ್ತೇವೆ. ಅಂದು ಪಾಠಶಾಲೆಯೇ ನಡೆದು ಬರುತ್ತಿತ್ತು. ಇಂದು ಎಂಟು ವರ್ಷದ ಹುಡುಗಿ ತಾಯಿಯನ್ನು ಬಿಟ್ಟು ಹಾಸ್ಟೆಲಿಗೆ ಹೋಗಬೇಕು, ಇಲ್ಲವೇ ಬೆಳಗಿನ ರೈಲಿನಲ್ಲಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಓಡಾಡಬೇಕು.

ಕೇಳುತ್ತಿರುವುದು ದೊಡ್ಡದೇನಲ್ಲ. ವಾರಕ್ಕೆ ಎರಡು ದಿನ ಬ್ರೈಲ್ ಬಲ್ಲ ಶಿಕ್ಷಕರೊಬ್ಬರು ನಮ್ಮ ಊರಿನ ರಾಬರ್ಟ್‌ಸನ್‌ಪೇಟೆಗೆ ಬರಲಿ. ಜೂನಿಯರ್ ಸಂಗೀತ ಪರೀಕ್ಷೆಯ ಪಠ್ಯದ ಬ್ರೈಲ್ ಪ್ರತಿ ಇಲ್ಲಿನ ಗ್ರಂಥಾಲಯದಲ್ಲಿರಲಿ. ಪ್ರತಿ ಮಾಡಲು ಹಕ್ಕುಸ್ವಾಮ್ಯದ ನೆಪ ಹೇಳುವಂತಿಲ್ಲ; 2012ರ ತಿದ್ದುಪಡಿಯೇ ಅನುಮತಿ ಕೊಟ್ಟಿದೆ. ಜೊತೆಗೆ ನಮ್ಮಂಥ ಸಂಗೀತ ಶಿಕ್ಷಕರೂ ಬ್ರೈಲಿನ ಆರು ಚುಕ್ಕಿ ಕಲಿಯಲಿ. ಗಮಕ ಕಲಿತ ಬೆರಳಿಗೆ ಅದೇನು ಮಹಾ?