ಐದಕ್ಷರಕ್ಕೆ ನಲವತ್ತು ಸಾವಿರ ಯಾಕೆ?

ದೀಪಾವಳಿ ರಜೆಗೆ ಸುರಪುರಕ್ಕೆ ಹೋಗಿದ್ದಾಗ ನಮ್ಮ ಕಾಕಾ ಒಂದು ಕೆಲಸ ಹಚ್ಚಿದ್ರು. ಅವರದು ತೊಗರಿ ವ್ಯಾಪಾರ. ಹೋದ ವರ್ಷದಿಂದ ಬೇಳೆ ಮಾಡಿಸಿ, ಒಂದು ಕೆಜಿ, ಐದು ಕೆಜಿ ಪ್ಯಾಕೆಟ್ ಕಟ್ಟಿ ಬೆಂಗಳೂರು, ಪುಣೆ ಕಡೆ ಕಳಿಸ್ತಾರೆ. ಅದಕ್ಕೊಂದು ವೆಬ್‌ಸೈಟ್ ಬೇಕಂತೆ. "ಕಂಪ್ಯೂಟರ್ ಸೈನ್ಸ್ ಓದ್ಲಕತ್ತಿ, ಇಷ್ಟು ಮಾಡ್ಲಕ ಆಗಂಗಿಲ್ಲೇನು?" ಅಂದ್ರು. ಇಂಥ ಪ್ರಶ್ನೆಗೆ ನಮ್ಮಲ್ಲಿ ಯಾರೂ ಆಗಲ್ಲ ಅನ್ನಲ್ಲ ಅಲ್ವಾ.

ಸೈಟ್ ಎರಡು ದಿನದಲ್ಲಿ ಆಯ್ತು. ಹೆಸರು ಆಗಲಿಲ್ಲ. ಡೊಮೇನ್ ಚಿಕ್ಕದಾಗಿ ಇರಲೇಬೇಕು, ಇಲ್ಲಾಂದ್ರೆ ಯಾರೂ ಸೀರಿಯಸ್ ಆಗಿ ತಗೊಳ್ಳಲ್ಲ ಅಂತ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ತಲೆ ತುಂಬಿದ್ದ. ಹುಡುಕಿದಾಗ ತೊಗರಿ ಅನ್ನೋ ಪದದ ಸ್ವರಗಳನ್ನ ಕಿತ್ತು, ಹಿಂದೆ ಒಂದಕ್ಷರ ಸೇರಿಸಿದಂಥ ಐದಕ್ಷರದ ಡಾಟ್ ಕಾಮ್ ಸಿಕ್ತು. ಯಾರೋ ಮೊದಲೇ ತಗೊಂಡು ಮಾರಾಟಕ್ಕೆ ಇಟ್ಟಿದ್ರು. ಬೆಲೆ 450 ಡಾಲರ್, ಹೆಚ್ಚುಕಡಿಮೆ 40 ಸಾವಿರ ರೂಪಾಯಿ. ನಾನು ಖುಷಿಯಿಂದ ಹೇಳಿದೆ. ಕಾಕಾ ಚಹಾ ಕಪ್ ಕೆಳಗಿಟ್ಟು, "ಹೆಸರಿಗಿ ನಲವತ್ ಸಾವಿರ? ಅದರಾಗ ಪಾಕೀಟ್ ಸೀಲ್ ಮಾಡೋ ಮಷಿನ್ ಬರ್ತದಲ್ಲೋ ತಮ್ಮಾ" ಅಂದ್ರು.

ಆವತ್ತು ಇವರಿಗೆ ಬ್ರ್ಯಾಂಡಿಂಗ್ ಗೊತ್ತಿಲ್ಲ ಅಂತ ಸಿಟ್ಟು ಬಂತು. ಈಗ ಕಾಕಾನೇ ಸರಿ ಅನ್ಸುತ್ತೆ. ಅದನ್ನೇ ಇಲ್ಲಿ ಬರೀತಿದೀನಿ. (ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ಎಲ್ಲಾದ್ರೂ ಜಾರಿದ್ರೆ ಕ್ಷಮಿಸಿ.)

ಮೊದಲು ಲೆಕ್ಕ ನೋಡೋಣ. ಡಾಟ್ ಕಾಮ್ ಹೆಸರುಗಳ ರಿಜಿಸ್ಟ್ರಿ ನಡೆಸೋದು ಅಮೆರಿಕದ ವೆರಿಸೈನ್ ಕಂಪನಿ. ಅದು ಒಂದು ಹೆಸರಿಗೆ ವರ್ಷಕ್ಕೆ ತಗೊಳ್ಳೋದು 10 ಡಾಲರ್ ಮೇಲೆ ಚಿಲ್ಲರೆ. ಮೂರಕ್ಷರ ಇದ್ರೂ ಅಷ್ಟೇ, ಗರಿಷ್ಠ ಮಿತಿಯಾದ 63 ಅಕ್ಷರ ಇದ್ರೂ ಅಷ್ಟೇ. ಹಾಗಾದ್ರೆ 40 ಸಾವಿರ ಎಲ್ಲಿಂದ ಬಂತು? ಮೊದಲು ಬಂದು ಟವೆಲ್ ಹಾಕಿದವನ ಜೇಬಿಗೆ ಹೋಗೋ ದುಡ್ಡು ಅದು. ಬರೀ ಇಂಗ್ಲಿಷ್ ಅಕ್ಷರ ಇಟ್ಕೊಂಡ್ರೆ ಎರಡಕ್ಷರದ ಹೆಸರು 676 ಆಗುತ್ತೆ, ಮೂರಕ್ಷರದ್ದು 17,576, ನಾಲ್ಕಕ್ಷರದ್ದು 4,56,976. ಇವೆಲ್ಲ ನಾವು ಹೈಸ್ಕೂಲ್ ಮುಟ್ಟೋ ಮೊದಲೇ ಖಾಲಿ. ಯಾವ ಅರ್ಥವೂ ಇಲ್ಲದ, ಬಾಯಲ್ಲಿ ಉಚ್ಚಾರ ಮಾಡೋಕೂ ಬಾರದ ನಾಲ್ಕಕ್ಷರವನ್ನೂ ಯಾರೋ ಇಟ್ಕೊಂಡು ಕೂತಿದ್ದಾರೆ. ಸಿಗೋದು ಕಷ್ಟ ಅನ್ನೋದೇನೋ ನಿಜ. ಆದರೆ ಸಿಗದೆ ಇರೋದೆಲ್ಲ ನಮಗೆ ಬೇಕಾದದ್ದಾ?

ಕೆಲವರಿಗೆ ಬೇಕು, ಒಪ್ತೀನಿ. ಫೇಸ್‌ಬುಕ್ 2010ರಲ್ಲಿ ಎಫ್‌ಬಿ ಡಾಟ್ ಕಾಮ್ ಅನ್ನು ಅಮೆರಿಕದ ಒಂದು ರೈತ ಒಕ್ಕೂಟದಿಂದ 85 ಲಕ್ಷ ಡಾಲರ್‌ಗೆ ಕೊಂಡಿತು. ಫಾರ್ಮ್ ಬ್ಯೂರೋ ಅಂತ ಅದರ ಹೆಸರು, ಹಾಗಾಗಿ ಎಫ್‌ಬಿ. ತೊಗರಿ ಮಾರೋ ಮನೆಯವನಾಗಿ ನನಗೆ ಈ ಡೀಲ್ ಬಹಳ ಇಷ್ಟ, ರೈತರ ಕಡೆಯವರು ಗೆದ್ದ ವ್ಯಾಪಾರ! 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಹೋಯ್ತು. ಕೋಟಿಗಟ್ಟಲೆ ಜನ ದಿನಾ ಬರೋ ಕಂಪನಿಗೆ ಒಂದಕ್ಷರ ಉಳಿದ್ರೂ ಲಾಭ ಇರಬಹುದು. ಆದರೆ ಟೆಸ್ಲಾ 2016ರವರೆಗೂ ಟೆಸ್ಲಾಮೋಟರ್ಸ್ ಡಾಟ್ ಕಾಮ್ ಅನ್ನೋ ಉದ್ದನೆ ಹೆಸರಲ್ಲೇ ಕಾರು ಮಾರ್ತಿತ್ತು. ಮೊದಲು ವ್ಯಾಪಾರ ಆಯ್ತು, ಚಿಕ್ಕ ಹೆಸರು ಆಮೇಲೆ ಬಂತು. ನಾವು ಉಲ್ಟಾ ಹೊರಟಿದ್ದೀವಿ.

ಇನ್ನೊಂದು ಮಾತು, ಡೊಮೇನ್ ಪ್ಲಾಟ್ ಇದ್ದಂಗೆ, ತಗೊಂಡಿಟ್ರೆ ಬೆಲೆ ಏರುತ್ತೆ ಅಂತ ನಮ್ಮ ಸೀನಿಯರ್ಸ್ ಹೇಳ್ತಾರೆ. ಪ್ಲಾಟ್‌ಗೆ ಖರೀದಿ ಪತ್ರ ಇರುತ್ತೆ. ಡೊಮೇನ್ ಬಾಡಿಗೆ. ರಿನ್ಯೂ ಮಾಡೋದು ಮರೆತ್ರೆ ಕೈ ತಪ್ಪಿತು. ಬೇರೆಯವರ ಬ್ರ್ಯಾಂಡ್ ಹೆಸರಲ್ಲಿ ತಗೊಂಡ್ರೆ ಕೇಸ್ ಬೇರೆ. 2024ರಲ್ಲಿ ಜಿಯೋಹಾಟ್‌ಸ್ಟಾರ್ ಹೆಸರು ಮೊದಲೇ ಹಿಡಿದಿದ್ದ ಡೆಲ್ಲಿ ಹುಡುಗ ಕೇಂಬ್ರಿಜ್ ಓದೋಕೆ ಫೀಸ್ ಕೊಡಿ ಅಂತ ರಿಲಯನ್ಸ್‌ಗೆ ಕೇಳಿದ್ದು ನೆನಪಿದೆಯಾ? ನಮ್ಮ ಕ್ಯಾಂಟೀನ್‌ನಲ್ಲಿ ಆ ವಾರ ಅವನೇ ಹೀರೋ. ಆ ಫೀಸ್ ರಿಲಯನ್ಸ್ ಕೊಡಲಿಲ್ಲ.

ನನ್ನ ಮನಸ್ಸು ಬದಲಾಗಿದ್ದು ಇದರಿಂದಲ್ಲ, ಒಂದು ಸಣ್ಣ ಪ್ರಯೋಗದಿಂದ. ಹತ್ತು ಜನ ಫ್ರೆಂಡ್ಸ್‌ಗೆ ಫೋನ್ ಹಚ್ಚಿ, ಆ ಐದಕ್ಷರದ ಹೆಸರು ಒಂದೇ ಸಲ ಬಾಯಲ್ಲಿ ಹೇಳಿ, ಟೈಪ್ ಮಾಡಿ ಕಳಿಸ್ರೋ ಅಂದೆ. ಸರಿ ಬರೆದಿದ್ದು ಮೂವರು. ಸ್ವರ ಕಿತ್ತಿದ್ದೀವಲ್ಲ, ಉಳಿದವರು ಪಾಪ ಅದನ್ನ ವಾಪಸ್ ಸೇರಿಸಿದ್ರು! ಪರದೆ ಮೇಲೆ ಐದಕ್ಷರ, ಫೋನಲ್ಲಿ ಅರ್ಧ ನಿಮಿಷದ ವಿವರಣೆ. ನಮ್ಮ ಕಡೆ ಗಿರಾಕಿ ಹೆಸರು ಕೇಳೋದು ಫೋನಲ್ಲಿ, ಬಸ್‌ಸ್ಟ್ಯಾಂಡಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. ಹಾಗಾಗಿ ಎಷ್ಟು ಅಕ್ಷರ ಅಂತ ಎಣಿಸೋದಕ್ಕಿಂತ ಒಂದೇ ಸಲ ಕೇಳಿ ಬರೆಯೋಕೆ ಬರುತ್ತಾ ಅಂತ ನೋಡಬೇಕು.

ಸರಿ, ಊರ ಹೆಸರು ಹಾಕೋಣ ಅಂದ್ರು ಕಾಕಾ. ಅಲ್ಲಿ ಇನ್ನೂ ಮಜಾ. ನಾವು ಬರೆಯೋದು 'ಎಸ್'ನಿಂದ ಸುರಪುರ. ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಇಂಗ್ಲಿಷಲ್ಲಿ 'ಎಸ್‌ಎಚ್' ಹಚ್ಚಿದ ಶೋರಾಪುರ. ನೂರೈವತ್ತು ವರ್ಷಕ್ಕೂ ಹಿಂದೆ ಇಲ್ಲಿದ್ದ ಮೆಡೋಸ್ ಟೇಲರ್ ಸಾಹೇಬರೂ ಶೋರಾಪುರ ಅಂತಲೇ ಬರೆದದ್ದು. ನಡುವೆ 'ಎ' ಬೇಕೋ ಬೇಡವೋ, ಕೊನೆಗೆ 'ಎ' ಬೇಕೋ ಬೇಡವೋ ಅಂತ ಮತ್ತೆ ಜಗಳ. ಪಕ್ಕದ ಶಹಾಪುರದ್ದೂ ಇದೇ ಕಥೆ, ಸಾಲದ್ದಕ್ಕೆ ಬೆಳಗಾವಿಯಲ್ಲೊಂದು ಶಹಾಪುರ, ಮುಂಬೈ ದಾರಿಯಲ್ಲಿ ಥಾಣೆ ಜಿಲ್ಲೆಯಲ್ಲೊಂದು. ಯಾದಗಿರಿ ಅನ್ನೋ ಜಿಲ್ಲೆಗೆ ಸರ್ಕಾರಿ ವೆಬ್‌ಸೈಟ್ ಹೆಸರಲ್ಲಿ ಯಾದಗೀರ್. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ತಿದ್ದಿದಾಗ ಗುಲ್ಬರ್ಗಾ ಕಲಬುರಗಿ ಆಯ್ತು. ನಮ್ಮ ಮೂರೂ ಊರು ಆ ಪಟ್ಟಿಯಲ್ಲಿ ಇರಲಿಲ್ಲ.

ಕನ್ನಡದಲ್ಲಿ ಬರೆದ್ರೆ? ಸುರಪುರ, ನಾಲ್ಕೇ ಅಕ್ಷರ, ಒತ್ತಿಲ್ಲ, ದೀರ್ಘ ಇಲ್ಲ. ಡಾಟ್ ಇನ್ ನಡೆಸೋ ನಿಕ್ಸಿ ಸಂಸ್ಥೆ 'ಡಾಟ್ ಭಾರತ' ಅನ್ನೋದನ್ನ ಕನ್ನಡ ಲಿಪಿಯಲ್ಲೂ ಕೊಡುತ್ತೆ, ಹೆಸರೂ ಕನ್ನಡ, ಬಾಲವೂ ಕನ್ನಡ. ಎಷ್ಟು ಜನಕ್ಕೆ ಗೊತ್ತು ನಮ್ಮ ಕ್ಯಾಂಪಸ್‌ನಲ್ಲಿ? ನನಗೇ ಗೊತ್ತಿರಲಿಲ್ಲ. ತೊಂದರೆಯೂ ಇದೆ. ಡಿಎನ್‌ಎಸ್‌ಗೆ ಕನ್ನಡ ನೇರವಾಗಿ ಹೋಗಲ್ಲ, ಒಳಗೆ 'ಎಕ್ಸ್‌ಎನ್' ಅಂತ ಶುರುವಾಗೋ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತೆ. ಲಿಂಕ್ ಕಾಪಿ ಮಾಡಿದ್ರೆ ಎಷ್ಟೋ ಸಲ ಆ ಸಾಲೇ ಹೊರಗೆ ಬೀಳುತ್ತೆ, ನೋಡಿದವರು ವೈರಸ್ ಅಂದ್ಕೋತಾರೆ. ಇಮೇಲ್ ಐಡಿಗೆ ಹಾಕಿದ್ರೆ ಹಲವು ಫಾರ್ಮ್‌ಗಳು ತಗೊಳ್ಳಲ್ಲ. ಇದನ್ನ ಸರಿ ಮಾಡೋ ಕೋಡ್ ಬರೆಯೋದು ನಮ್ಮಂಥವರ ಕೆಲಸ, ಆದರೆ ಅಸೈನ್‌ಮೆಂಟ್ ಆಗಿ ಯಾರೂ ಕೊಡಲ್ಲ ನೋಡಿ.

ನಂಬಿಕೆ ವಿಷಯಕ್ಕೆ ಬಂದ್ರೆ, ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಡಾಟ್ ಕಾಮ್‌ಗಿಂತ ಉದ್ದ ಆಯ್ತು ವಿಳಾಸ. ಆದರೆ ಬ್ಯಾಂಕ್ ಅಲ್ಲದವನಿಗೆ ಆ ಬಾಲ ಸಿಗಲ್ಲ. ನಮ್ಮ ಮನೆಯಲ್ಲಿ ವಾರಕ್ಕೊಂದು 'ಕೆವೈಸಿ ಮಾಡಿ' ಅನ್ನೋ ಮೋಸದ ಮೆಸೇಜ್ ಬರುತ್ತೆ. ಅವುಗಳಲ್ಲಿರೋ ಲಿಂಕ್‌ಗಳೇ ಎಲ್ಲಕ್ಕಿಂತ ಚಿಕ್ಕವು!

ಕಾಕಾ ಮಷಿನ್ ತಗೊಂಡ್ರು. ನಾನು 'ಎಸ್' ಇರೋ ಹೆಸರು, 'ಎಸ್‌ಎಚ್' ಇರೋ ಹೆಸರು ಎರಡೂ ಡಾಟ್ ಇನ್‌ನಲ್ಲಿ ರಿಜಿಸ್ಟರ್ ಮಾಡಿ, ಒಂದು ಇನ್ನೊಂದಕ್ಕೆ ಹೋಗೋ ಹಾಗೆ ಹಾಕಿದೆ. ಎರಡೂ ಸೇರಿ ಎರಡು ಸಾವಿರವೂ ಆಗಲಿಲ್ಲ. ಪ್ಯಾಕೆಟ್ ಮೇಲೆ ಕ್ಯೂಆರ್ ಕೋಡ್, ಕೆಳಗೆ ಕಾಕಾನ ಫೋನ್ ನಂಬರ್. ಈವರೆಗೆ ಬಂದ ಆರ್ಡರ್ ಹೆಚ್ಚಿನವು ಆ ನಂಬರಿಗೇ. ಮೊನ್ನೆ ಪುಣೆಯಿಂದ ಒಬ್ಬರು ವಿಳಾಸ ಟೈಪ್ ಮಾಡಿಯೇ ಬಂದ್ರಂತೆ. ಯಾವ ಸ್ಪೆಲ್ಲಿಂಗ್ ಹೊಡೆದ್ರು ಅಂತ ಕೇಳಿದೆ. "ಅದೆಲ್ಲ ಯಾರು ಕೇಳ್ತಾರೋ, ಐದು ಕೆಜಿದು ನಾಲ್ಕು ಪಾಕೀಟ್ ಹೇಳ್ಯಾರ" ಅಂದ್ರು ಕಾಕಾ.