ರಕ್ಷಕರ ನಡುವಿನ ಮೌನ

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಕರಾವಳಿಯನ್ನು ಅಪ್ಪಳಿಸಿದಾಗ ಕಾಪು ಸಮೀಪದ ಕಡಲಲ್ಲಿ ಕೋರಮಂಡಲ್ ಸಪೋರ್ಟರ್ 9 ಎಂಬ ಟಗ್ ಬಂಡೆಗಳ ನಡುವೆ ಸಿಲುಕಿಕೊಂಡಿತು. ಅದರಲ್ಲಿದ್ದವರು ಒಂಬತ್ತು ಮಂದಿ. ಮೇ 15ರಂದು ಸಿಲುಕಿದವರು ದಡ ಸೇರಿದ್ದು ಮೇ 17ರಂದು. ಐವರನ್ನು ತಟರಕ್ಷಣಾ ಪಡೆಯ ವರಾಹ ಹಡಗಿನವರು ಪಾರು ಮಾಡಿದರೆ ಉಳಿದ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಎತ್ತಿಕೊಂಡಿತು. ಅದೇ ಬಿರುಗಾಳಿಗೆ ಸಿಕ್ಕಿದ ಅಲಯನ್ಸ್ ಎಂಬ ಇನ್ನೊಂದು ಟಗ್‌ನ ಸಿಬ್ಬಂದಿಗೆ ಆ ಭಾಗ್ಯವಿರಲಿಲ್ಲ. ಅದು ಮಗುಚಿ ಪಡುಬಿದ್ರಿಯ ಕಿನಾರೆಗೆ ಬಂದು ಬಿತ್ತು. ಅದರಲ್ಲಿದ್ದ ಕೆಲವರು ಪ್ರಾಣ ಕಳಕೊಂಡರು.

ಆ ವಿಳಂಬಕ್ಕೆ ಯಾವುದೇ ಇಲಾಖೆಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಆ ಎರಡು ದಿನ ಸಮುದ್ರವು ಯಾರನ್ನೂ ಹತ್ತಿರ ಬಿಟ್ಟುಕೊಡುವ ಸ್ಥಿತಿಯಲ್ಲಿರಲಿಲ್ಲ. ಆದರೆ ಅಂತಹ ಸಂದರ್ಭದಲ್ಲಿ ಯಾರು ಯಾರೊಡನೆ ಮಾತನಾಡಬೇಕಾಗುತ್ತದೆ ಎಂಬುದನ್ನೊಮ್ಮೆ ಎಣಿಸಿ ನೋಡಿ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪೊಲೀಸ್, ಮಲ್ಪೆಯಲ್ಲಿ ಕೇಂದ್ರ ಕಚೇರಿಯಿರುವ ಕರಾವಳಿ ಕಾವಲು ಪೊಲೀಸ್, ತಟರಕ್ಷಣಾ ಪಡೆ, ನೌಕಾಪಡೆ, ಬಂದರು, ಅಗ್ನಿಶಾಮಕ ದಳ, ಆಂಬ್ಯುಲೆನ್ಸ್, ಎಲ್ಲರಿಗಿಂತ ಮೊದಲು ಕಡಲಿಗಿಳಿಯುವ ಮೀನುಗಾರರು. ಇವರಲ್ಲಿ ಬಹುತೇಕರ ಕೈಯಲ್ಲಿ ವಯರ್‌ಲೆಸ್ ಇದೆ. ಆದರೆ ಒಬ್ಬರ ವಯರ್‌ಲೆಸ್ ಇನ್ನೊಬ್ಬರಿಗೆ ಕೇಳಿಸುವುದಿಲ್ಲ.

ಇದು ಕೇವಲ ನಮ್ಮ ಊಹೆಯಲ್ಲ. ದೇಶದ ಪೊಲೀಸ್, ಅಗ್ನಿಶಾಮಕ ಮತ್ತು ವಿಪತ್ತು ಪರಿಹಾರ ಪಡೆಗಳ ಸಂಪರ್ಕ ಜಾಲಗಳು ಪರಸ್ಪರ ಹೊಂದಿಕೊಳ್ಳದೆ ಬಿಡಿಬಿಡಿಯಾಗಿವೆ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ (ಟ್ರಾಯ್) 2018ರ ಜೂನ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಎಲ್ಲ ಪಡೆಗಳಿಗೆ ಸೇರಿ ಒಂದೇ ಸಂಯುಕ್ತ ಜಾಲವನ್ನು ಸರಕಾರದ ಹಣದಿಂದ ಕಟ್ಟಬೇಕು, ಗೃಹ ಸಚಿವಾಲಯ ಅದರ ಹೊಣೆ ಹೊರಬೇಕು, 814ರಿಂದ 824 ಹಾಗೂ 859ರಿಂದ 869 ಮೆಗಾಹರ್ಟ್ಸ್ ತರಂಗಗಳನ್ನು ಅದಕ್ಕಾಗಿಯೇ ಮೀಸಲಿಡಬೇಕು, ಅಪಾಯದ ಸಾಧ್ಯತೆ ಹೆಚ್ಚಿರುವ ಐದು ವಲಯಗಳಲ್ಲಿ ಮೊದಲು ಪ್ರಯೋಗ ನಡೆಸಬೇಕು ಎಂದು ಅದು ಶಿಫಾರಸು ಮಾಡಿತು. ಮುಂಬೈ ದಾಳಿಯ ಹತ್ತು ಮಂದಿ ಸಮುದ್ರ ಮಾರ್ಗವಾಗಿ ಬಂದ 2008ರ ಬಳಿಕ ಕರಾವಳಿ ಭದ್ರತೆಯ ಬಗ್ಗೆ ನಡೆದ ಭಾಷಣಗಳಿಗೆ ಲೆಕ್ಕವಿಲ್ಲ. ಆದರೆ ಭದ್ರತೆಯ ಮೊದಲ ಅಗತ್ಯವಾದ ಪರಸ್ಪರ ಮಾತುಕತೆಯ ಈ ವ್ಯವಸ್ಥೆಯು ಇನ್ನೂ ನಮ್ಮ ಹೆದ್ದಾರಿ 66ರ ತನಕ ನಡೆದು ಬಂದಿಲ್ಲ.

ಈಗ ನಡೆಯುತ್ತಿರುವುದು ಮೊಬೈಲಿನ ಕಾರುಬಾರು. ಅಧಿಕಾರಿಗಳ ವಾಟ್ಸ್‌ಆ್ಯಪ್ ಗುಂಪು, ಆಂಬ್ಯುಲೆನ್ಸ್ ಚಾಲಕರ ಗುಂಪು, ಮಸೀದಿ ಕಮಿಟಿ ಮತ್ತು ಯುವಕರ ಸಂಘಗಳ ಗುಂಪು. ಸಾಮಾನ್ಯ ದಿನಗಳಲ್ಲಿ ಇವು ಬಹಳ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ 2020ರ ಸೆಪ್ಟೆಂಬರ್ 20ರಂದು ಒಂದೇ ದಿನದಲ್ಲಿ 300 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿದು ಉಡುಪಿಯ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿದಂತಹ ರಾತ್ರಿಗಳಲ್ಲಿ ಮೊಬೈಲನ್ನು ನಂಬುವುದು ಹೇಗೆ? ವಿದ್ಯುತ್ ಕೈಕೊಟ್ಟು ಟವರಿನ ಬ್ಯಾಟರಿ ಮುಗಿದೊಡನೆ ಫೋನು ಬರೀ ಟಾರ್ಚ್ ಆಗಿಬಿಡುತ್ತದೆ. ಟವರ್ ಉಳಿದರೂ ಊರಿನ ಎಲ್ಲರೂ ಏಕಕಾಲಕ್ಕೆ ಕರೆ ಮಾಡುವಾಗ ರಕ್ಷಣೆಗೆ ಹೊರಟವನ ಕರೆಗೆ ಅಲ್ಲಿ ಆದ್ಯತೆಯಿಲ್ಲ. ಇನ್ನು, ಆಡಳಿತವೇ ಜಾಲವನ್ನು ಕಡಿದು ಹಾಕಿದರೆ? 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರ್‌ಗೆ ಇಬ್ಬರು ಬಲಿಯಾದ ರಾತ್ರಿ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ಸ್ಥಗಿತಗೊಳಿಸಲಾಯಿತು. ಆ ಆದೇಶದ ಸರಿತಪ್ಪುಗಳ ಚರ್ಚೆ ಬೇರೆ. ಯಾವ ಜಾಲವನ್ನು ಒಂದು ಆದೇಶದಿಂದ ಆರಿಸಬಹುದೋ ಅದನ್ನೇ ನಂಬಿ ಜಿಲ್ಲೆಯ ಜೀವರಕ್ಷಣೆಯನ್ನು ನಡೆಸಲಾಗುತ್ತಿದೆ ಎಂಬುದು ಮಾತ್ರ ಆ ರಾತ್ರಿ ಬಯಲಾಯಿತು.

ಕಡಲಿನಲ್ಲಿ ಈ ಮೌನದ ಬೆಲೆ ಇನ್ನೂ ಭಾರವಾದುದು. ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಹೊರಟ ಸುವರ್ಣ ತ್ರಿಭುಜ ಬೋಟು ಎರಡು ದಿನಗಳ ಬಳಿಕ ಸಂಪರ್ಕ ಕಡಿದುಕೊಂಡಿತು. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಅದರಲ್ಲಿದ್ದರು. ಹುಡುಕಾಟ ಕರ್ನಾಟಕ, ಗೋವಾ, ಮಹಾರಾಷ್ಟ್ರಗಳ ನಡುವೆ ಅಲೆಯಿತು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಹೆದ್ದಾರಿಗಿಳಿದು ಉತ್ತರ ಕೇಳಿದರು. ಬೋಟಿನ ಅವಶೇಷವನ್ನು ನೌಕಾಪಡೆಯ ನಿರೀಕ್ಷಕ್ ಹಡಗು ಮಾಲ್ವಣದ ಸಮುದ್ರ ತಳದಲ್ಲಿ ಪತ್ತೆ ಹಚ್ಚಿದ್ದು ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು ಏಳು ಕುಟುಂಬಗಳು ಏನನ್ನು ಅನುಭವಿಸಿರಬಹುದು ಎಂಬುದನ್ನು ವಿವರಿಸಬೇಕಾಗಿಲ್ಲ. ಕೊಲ್ಲಿಗೆ ಹೋದ ಮಗನ ಫೋನು ಒಂದು ದಿನ ಬಾರದಿದ್ದರೆ ತಳಮಳಗೊಳ್ಳುವ ಮನೆಗಳು ನಮ್ಮವು. ಇದೀಗ ಇಸ್ರೋ ತಯಾರಿಸಿದ ಸಂಪರ್ಕ ಸಾಧನವನ್ನು ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ 364 ಕೋಟಿ ರೂಪಾಯಿಯ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ದೊರೆತಿದೆ. ಇದು ಸ್ವಾಗತಾರ್ಹ. ಆದರೆ ದೋಣಿಯಿಂದ ಹೊರಟ ಅಪಾಯದ ಸಂದೇಶವು ಉಪಗ್ರಹವನ್ನು ಮುಟ್ಟಿ ದಡಕ್ಕೆ ಮರಳಿದ ಮೇಲೆ, ದಡದಲ್ಲಿರುವ ಏಳೆಂಟು ಇಲಾಖೆಗಳು ಮತ್ತೆ ಒಬ್ಬೊಬ್ಬರಿಗೆ ಫೋನು ತಿರುಗಿಸುತ್ತಾ ಕುಳಿತರೆ ಆ ವೇಗದಿಂದ ಆದ ಪ್ರಯೋಜನವೇನು?

ಸಾರ್ವಜನಿಕರ ಕಡೆಯಿಂದ ನೋಡಿದರೆ ಸ್ವಲ್ಪ ಸುಧಾರಣೆಯಾಗಿದೆ. 100, 101, 108, 1077, 1093 ಎಂದು ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಿದ್ದ ಕಾಲ ಹೋಗಿ 112 ಬಂದಿದೆ. ಆದರೆ ಕರೆ ಹೋಗುವುದು ಬೆಂಗಳೂರಿಗೆ. ಗಾಬರಿಯಲ್ಲಿರುವ ಗೃಹಿಣಿಯೊಬ್ಬಳು ಬ್ಯಾರಿ ಅಥವಾ ತುಳು ಬೆರೆತ ಕನ್ನಡದಲ್ಲಿ 'ಉದ್ಯಾವರ' ಎಂದರೆ ಆ ಕಡೆಯವರಿಗೆ ಯಾವ ಊರು ಹೊಳೆಯಬೇಕು? ಉಡುಪಿ ಮತ್ತು ಕಾಪು ನಡುವಿನ ಉದ್ಯಾವರವೇ, ಮಂಜೇಶ್ವರದ ಸಾವಿರ ಜಮಾಅತಿನ ಉದ್ಯಾವರವೇ? ಒಂದು ಕರ್ನಾಟಕದಲ್ಲಿದೆ, ಇನ್ನೊಂದು ಕೇರಳದಲ್ಲಿ. ಹೆದ್ದಾರಿ ಒಂದೇ. ಕಾಸರಗೋಡಿನ ರೋಗಿ ಮಂಗಳೂರಿಗೆ ಬರುವುದೂ ಇದೇ ರಸ್ತೆಯಲ್ಲಿ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಂಬ್ಯುಲೆನ್ಸ್‌ಗಳು ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಕರೆ ಸ್ವೀಕರಿಸುವ ಸಂಖ್ಯೆ ಒಂದಾದರೂ ಕರೆಗೆ ಓಡುವವರ ಜಾಲ ಒಂದಾಗಿಲ್ಲ. ಉದ್ಯಾವರ ಸೇತುವೆಯ ಬಳಿ ಬಸ್ಸೊಂದು ಉರುಳಿದರೆ ದಾರಿ ತೆರವುಗೊಳಿಸುವ ಪೊಲೀಸ್, ಬಾಗಿಲು ಕತ್ತರಿಸುವ ಅಗ್ನಿಶಾಮಕ, ಗಾಯಾಳುವನ್ನು ಮಣಿಪಾಲಕ್ಕೊಯ್ಯುವ ಆಂಬ್ಯುಲೆನ್ಸ್ ಈ ಮೂವರೂ ಒಬ್ಬರ ಮಾತನ್ನೊಬ್ಬರು ನೇರವಾಗಿ ಕೇಳುವಂತಿರಬೇಕು. ಖಾಸಗಿ ಮತ್ತು ಸಂಘಸಂಸ್ಥೆಗಳ ಆಂಬ್ಯುಲೆನ್ಸ್‌ಗಳೂ ಇದರಿಂದ ಹೊರಗುಳಿಯಬಾರದು. ಸ್ಥಳಕ್ಕೆ ಮೊದಲು ತಲುಪುವುದು ಅನೇಕ ಬಾರಿ ಅವೇ.

ಸಂಯುಕ್ತ ಜಾಲವೆಂದರೆ ಎಲ್ಲರೂ ಏಕಕಾಲಕ್ಕೆ ಕೂಗಾಡುವ ಸಂತೆಯಲ್ಲ. ಟವರ್‌ಗಳು ಮತ್ತು ತರಂಗಗಳು ಸಮಾನ, ಗುಂಪುಗಳು ಬೇರೆ ಬೇರೆ. ಪೊಲೀಸರ ಮಾತು ಪೊಲೀಸರಿಗೆ, ಅಗ್ನಿಶಾಮಕರ ಮಾತು ಅಗ್ನಿಶಾಮಕರಿಗೆ. ಯಾರಿಗೆ ಯಾವ ಚಾನೆಲ್ ಎಂಬುದನ್ನು ಕಂಪ್ಯೂಟರ್ ಆ ಕ್ಷಣದಲ್ಲೇ ಹಂಚುತ್ತದೆ. ಅವಘಡ ಸಂಭವಿಸಿದಾಗ ನಿಯಂತ್ರಣ ಕೊಠಡಿಯವರು ಆಯಾ ಸ್ಥಳದಲ್ಲಿರುವ ಎಲ್ಲ ಇಲಾಖೆಗಳನ್ನು ಒಂದು ಗುಂಪಿಗೆ ಸೇರಿಸುತ್ತಾರೆ. ಪ್ರತಿ ಇಲಾಖೆಯೂ ತನ್ನದೇ ಟವರ್ ಕಟ್ಟುವ ದುಂದುವೆಚ್ಚವೂ ತಪ್ಪುತ್ತದೆ. ಸುಮಾರು 55 ಲಕ್ಷ ಜನಸಂಖ್ಯೆಯ ಫಿನ್ಲೆಂಡ್ 2002ರಲ್ಲೇ ಇಡೀ ದೇಶಕ್ಕೆ ಇಂತಹ ಜಾಲವನ್ನು ನಿರ್ಮಿಸಿಕೊಂಡಿತು. ನಾರ್ವೆ 2015ರಲ್ಲಿ ಅದನ್ನು ಪೂರ್ಣಗೊಳಿಸಿತು. ನಮ್ಮ ಮೂರು ಕರಾವಳಿ ಜಿಲ್ಲೆಗಳ ಜನಸಂಖ್ಯೆಯೇ 2011ರ ಜನಗಣತಿಯಂತೆ 47 ಲಕ್ಷ.

ಅಮೆರಿಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನ ಪೊಲೀಸ್ ಹೆಲಿಕಾಪ್ಟರ್‌ನಿಂದ ಗೋಪುರ ಕುಸಿಯಬಹುದೆಂಬ ಎಚ್ಚರಿಕೆ ಹೊರಟಿತು. ಅದು ಪೊಲೀಸರಿಗೆ ಕೇಳಿಸಿತು, ಅಗ್ನಿಶಾಮಕ ದಳದ ಅಧಿಕಾರಿಗಳಿಗೆ ತಲುಪಲಿಲ್ಲ. ಅಂದು ಸತ್ತ ಅಗ್ನಿಶಾಮಕ ಸಿಬ್ಬಂದಿ 343. ಆ ದಿನದ ಹೆಸರಿನಲ್ಲಿ ಅಮೆರಿಕ ಯುದ್ಧಕ್ಕೆ ಹೊರಡಲು ಒಂದು ತಿಂಗಳೂ ಬೇಕಾಗಲಿಲ್ಲ. ತನ್ನದೇ ರಕ್ಷಕರಿಗೆ ಸಮಾನ ಜಾಲವೊಂದನ್ನು ಒದಗಿಸುವ ಕಾನೂನು ಬರಲು ಮಾತ್ರ 2012ರ ವರೆಗೆ ಕಾಯಬೇಕಾಯಿತು.

ಒಂದು ಆತಂಕವನ್ನು ಮುಚ್ಚಿಡುವುದು ಸರಿಯಲ್ಲ. ಎಲ್ಲ ಇಲಾಖೆಗಳ ಕಿವಿಯನ್ನು ಒಂದುಗೂಡಿಸುವ ವ್ಯವಸ್ಥೆಯು ನಾಳೆ ಜನರ ಮೇಲೆ ಕಣ್ಣಿಡುವ ಸಾಧನವಾಗದೆಂಬ ಖಾತರಿಯೇನು? ಭದ್ರತೆಯ ಹೆಸರಿನಲ್ಲಿ ಅನುಮಾನಕ್ಕೆ ಗುರಿಯಾಗುವುದೆಂದರೇನೆಂದು ಈ ಸಮುದಾಯಕ್ಕೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆದ್ದರಿಂದಲೇ ಇಂತಹ ಜಾಲದ ಚಾವಿ ಪೊಲೀಸ್ ಇಲಾಖೆಯೊಂದರ ಕೈಯಲ್ಲಿರುವುದು ತರವಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಅದರಲ್ಲಿ ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೂ ಸ್ಥಾನವಿದೆ. ಜಾಲದ ಉಸ್ತುವಾರಿ ಅದರದ್ದಾಗಲಿ. ಯಾರು, ಯಾವಾಗ, ಏನು ಹೇಳಿದರೆಂಬುದು ದಾಖಲಾಗಲಿ. ದುರಂತದ ಬಳಿಕ ಆ ದಾಖಲೆ ತನಿಖೆಗೆ ಲಭಿಸಲಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಕೆಂಜಾರಿನ ಕಮರಿಗೆ ಉರುಳಿ 158 ಮಂದಿ ಸತ್ತಾಗ ವಿಮಾನದೊಳಗಿನ ಕೊನೆಯ ಮಾತುಗಳು ಯಂತ್ರದಲ್ಲಿ ಉಳಿದಿದ್ದವು, ಅವುಗಳಿಂದಲೇ ತನಿಖೆ ಮುಂದುವರಿಯಿತು. ಹೊರಗೆ ರಕ್ಷಣೆಗೆ ಓಡಿದವರ ನಡುವೆ ನಡೆದ, ನಡೆಯದೇ ಹೋದ ಮಾತುಗಳಿಗೆ ಅಂತಹ ಪೆಟ್ಟಿಗೆಯಿರಲಿಲ್ಲ.

ಉಡುಪಿ ಜಿಲ್ಲೆ ಇಂತಹ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ತರಂಗಗಳನ್ನು ತಡೆಯುವ ಘಟ್ಟ, ಮಧ್ಯೆ ಹೆದ್ದಾರಿ, ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆ, ಕಾರ್ಕಳದಲ್ಲಿ ಗೋಪುರ ನಿಲ್ಲಿಸಲು ಬಂಡೆಗುಡ್ಡಗಳು. ನಮ್ಮ ಶಾಸಕರು ಮತ್ತು ಸಂಸದರು ಟ್ರಾಯ್ ಹೇಳಿದ ಆ ಐದು ವಲಯಗಳಲ್ಲಿ ಕರಾವಳಿ ಕರ್ನಾಟಕವೂ ಒಂದಾಗಬೇಕೆಂದು ದೆಹಲಿಯಲ್ಲಿ ಪಟ್ಟುಹಿಡಿಯಲಿ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಮಲ್ಪೆಯ ಬೋಟುಗಳು ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಉಪಕರಣ ಅಳವಡಿಸಲಿಕ್ಕೂ, ಮೀನುಗಾರರು, ಪೊಲೀಸರು ಮತ್ತು ಆಂಬ್ಯುಲೆನ್ಸ್ ಚಾಲಕರನ್ನು ಒಟ್ಟಿಗೆ ಕೂರಿಸಿ ತರಬೇತಿ ನೀಡಲಿಕ್ಕೂ ಆ ಎರಡು ತಿಂಗಳು ಸಾಕು.