ಗೂಟ, ಹಗ್ಗ ಮತ್ತು ಕಳಚಿದ ಭುಜ

ಮದಲೂರಿನಂಥ ಊರಲ್ಲಿ ಎತ್ತು ಕಟ್ಟುವವರಿಗೆ ಗೂಟದ ಶಾಸ್ತ್ರ ಚೆನ್ನಾಗಿ ಗೊತ್ತು. ಎತ್ತು ಜಗ್ಗಿದರೆ ಹಗ್ಗ ಹರಿಯಬಹುದು, ಗಂಟು ಬಿಚ್ಚಬಹುದು, ಗೂಟವೇ ಕಿತ್ತು ಬರಬಹುದು. ಮೂರೂ ಗಟ್ಟಿಯಿದ್ದರೆ ಮೂಗುದಾರ ಎಳೆದು ಎತ್ತಿನ ಮೂಗು ಸೀಳಬಹುದು. ಎಲ್ಲಿ ದುರ್ಬಲವೋ ಅಲ್ಲಿ ಸೋಲು. ಭುಜದ ಕೀಲನ್ನು ಹೊಲಿಯುವ ವೈದ್ಯರ ಲೆಕ್ಕವೂ ಇಷ್ಟೇ.

ಶಿರಾ ಸೀಮೆಯ ಯಾವ ಕಬಡ್ಡಿ ಅಂಗಳದಲ್ಲಾದರೂ ನಡೆಯಬಹುದಾದ ಸಂಗತಿ ಇದು. ರೈಡಿಗೆ ಹೋದ ಹುಡುಗನನ್ನು ನಾಲ್ವರು ಹಿಡಿದೆಳೆಯುತ್ತಾರೆ. ಚಾಚಿದ ತೋಳು ತಿರುಚಿಕೊಂಡು ಭುಜ ಕಳಚುತ್ತದೆ. ಯಾರೋ ಎಳೆದು ಕೂರಿಸುತ್ತಾರೆ, ಪುತ್ತೂರು ಕಟ್ಟು ಬೀಳುತ್ತದೆ, ಕೆಲವು ದಿನಗಳಲ್ಲಿ ನೋವು ಇಳಿಯುತ್ತದೆ. ಆಮೇಲೆ ಮೇವಿನ ಹೊರೆ ಎತ್ತುವಾಗ, ಕಡೆಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಲೂ ಭುಜ ಕಳಚತೊಡಗುತ್ತದೆ. ಒಳಗೆ ಹರಿದದ್ದಾದರೂ ಏನು?

ತೋಳಿನ ಮೂಳೆಯ ಗುಂಡು ದೊಡ್ಡದು. ಅದು ಕೂರುವ ಬಟ್ಟಲು ಚಿಕ್ಕದು, ಆಳವೂ ಇಲ್ಲ. ಬಿಂದಿಗೆಗೆ ಸಿಂಬೆ ಇದ್ದಂತೆ ಬಟ್ಟಲಿನ ಸುತ್ತ ನಾರಿನಂಥ ಅಂಚೊಂದಿದೆ. ಅದೇ ಲೇಬ್ರಮ್. ಬಟ್ಟಲಿನ ಆಳದಲ್ಲಿ ಸುಮಾರು ಅರ್ಧದಷ್ಟು ಈ ಸಿಂಬೆಯದೇ. ಭುಜ ಮುಂದಕ್ಕೆ ಕಳಚಿದಾಗ ಇದು ಮೂಳೆಯಿಂದ ಕಿತ್ತು ಬರುತ್ತದೆಂದು ಲಂಡನ್ನಿನ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲಿ ಬರೆದರು. ಈ ಗಾಯಕ್ಕೆ ಈಗಲೂ ಅವರದೇ ಹೆಸರು.

ಇಂದು ಸಣ್ಣ ರಂಧ್ರಗಳ ಮೂಲಕ ದುರ್ಬೀನು ತೂರಿಸಿ, ಸುಮಾರು 3 ಮಿಲಿಮೀಟರ್ ದಪ್ಪದ ‘ಆ್ಯಂಕರ್’ ಎಂಬ ಗೂಟಗಳನ್ನು ಬಟ್ಟಲಿನ ಅಂಚಿಗೆ ನೆಟ್ಟು, ಅವುಗಳ ದಾರದಿಂದ ಸಿಂಬೆಯನ್ನು ಬಿಗಿಯುತ್ತಾರೆ. ಗಂಟು ಹಾಕಬೇಕೇ, ಗಂಟಿಲ್ಲದ ಗೂಟ ಸಾಕೇ? ಹೊಲಿಗೆ ಯಾವ ಬಗೆಯದಿರಬೇಕು? ಇದನ್ನು ತಿಳಿಯಲು ಮೃತದೇಹಗಳ ಭುಜಗಳನ್ನು ಹೊಲಿದು, ಯಂತ್ರಕ್ಕೆ ಸಿಕ್ಕಿಸಿ, ಮತ್ತೆ ಮತ್ತೆ ಜಗ್ಗಿ, ಕಿತ್ತು ಬರುವವರೆಗೂ ಎಳೆದು ನೋಡುತ್ತಾರೆ. ಬಲವನ್ನು ನ್ಯೂಟನ್‌ಗಳಲ್ಲಿ ಅಳೆಯುತ್ತಾರೆ. ಒಂದು ಕಿಲೋ ತೂಕವೆಂದರೆ ಸುಮಾರು 9.8 ನ್ಯೂಟನ್. ಇಂಥ ಎಷ್ಟೋ ಪರೀಕ್ಷೆಗಳಲ್ಲಿ ಗಂಟಿಗೂ ಗಂಟಿಲ್ಲದ್ದಕ್ಕೂ ದೊಡ್ಡ ಅಂತರ ಕಂಡಿಲ್ಲ. ಈಗಿನ ದಾರ ಬಹಳ ಗಟ್ಟಿ. ಹಲವು ಸಲ ಸೋಲುವುದು ದಾರವಲ್ಲ, ದಾರ ಹಾದ ಊತಕ. ಮೂಗುದಾರದ ಕಥೆಯೇ ಇಲ್ಲಿಯೂ.

ಇನ್ನು ಗೂಟ ಊರುವ ನೆಲ. ಭುಜ ಕಳಚಿದಾಗಲೆಲ್ಲ ಬಟ್ಟಲಿನ ಅಂಚಿನ ಮೂಳೆ ಸವೆಯಬಹುದು. ಅಮೆರಿಕದ ಬರ್ಕ್‌ಹಾರ್ಟ್ ಮತ್ತು ದಕ್ಷಿಣ ಆಫ್ರಿಕದ ಡಿ ಬೀರ್ 194 ಹೊಲಿಗೆಗಳ ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ಮೂಳೆ ಹೆಚ್ಚು ಹಾಳಾಗದ 173 ಜನರಲ್ಲಿ ಮತ್ತೆ ತೊಂದರೆ ಕಂಡದ್ದು 7 ಮಂದಿಗೆ. ಮೂಳೆ ಬಹಳ ಹಾಳಾಗಿದ್ದ 21 ಜನರಲ್ಲಿ 14 ಮಂದಿಗೆ! ಕೊಚ್ಚಿಹೋದ ದಂಡೆಯಲ್ಲಿ ಯಾವ ಗೂಟವೂ ನಿಲ್ಲದು. ಅಂಥವರಿಗೆ ಬೇರೆಡೆಯ ಮೂಳೆಯ ತುಂಡನ್ನು ತಂದು ಅಂಚಿಗೆ ಜೋಡಿಸಬೇಕಾಗುತ್ತದೆ. ಫ್ರಾನ್ಸಿನ ಲತಾರ್ಜೆ 1954ರಲ್ಲಿ ತೋರಿಸಿದ ದಾರಿ ಇದು.

ಯಂತ್ರ ಅಳೆಯಲಾಗದ್ದೂ ಒಂದಿದೆ. ಮೃತದೇಹದ ಗಾಯ ಮಾಯುವುದಿಲ್ಲ. ಹಾಗಾಗಿ ಅಲ್ಲಿ ಸಿಗುವುದು ಹೊಲಿದ ಮೊದಲ ದಿನದ ಬಲ ಮಾತ್ರ. ಜೀವಂತ ಭುಜದಲ್ಲಿ ಹೊಲಿಗೆ ತಾರಸಿಯ ಸೆಂಟ್ರಿಂಗ್ ಇದ್ದಂತೆ. ಸಿಂಬೆ ಮೂಳೆಗೆ ಬೆಸೆದುಕೊಳ್ಳುವವರೆಗೆ ಅದು ಆಸರೆ. ಅದಕ್ಕೇ ವೈದ್ಯರು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈಯನ್ನು ಜೋಲಿಯಲ್ಲಿಡಿಸುತ್ತಾರೆ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸುತ್ತಾರೆ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಅನಿಲ್ ಕುಂಬ್ಳೆ 2001ರ ಆಸ್ಟ್ರೇಲಿಯ ಸರಣಿಯನ್ನೇ ಬಿಡಬೇಕಾಯಿತು. ಆದರೆ ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ವಿರಾಮದ ನಂತರ.

ಕೂಲಿಯ ಮನೆಯಲ್ಲಿ ಆರು ವಾರ ಕೈ ಕಟ್ಟಿ ಕೂರುವುದು ಸುಲಭವಲ್ಲ, ನಿಜ. ಆದರೆ ನೋವಿಲ್ಲವೆಂದು ಮೂರನೇ ವಾರಕ್ಕೇ ಜೋಲಿ ಬಿಚ್ಚಿ ಬಿಂದಿಗೆ ಎತ್ತಿದರೆ ಸೆಂಟ್ರಿಂಗನ್ನು ಬೇಗ ಕಿತ್ತಂತೆ. ಎರಡನೇ ಸಲ ಭುಜ ಕಳಚಿದ ಹುಡುಗನನ್ನು ಮತ್ತೊಮ್ಮೆ ಎಳೆದು ಕೂರಿಸಿ ಸುಮ್ಮನಾಗದೆ, ಮೂಳೆ ಸವೆಯುವ ಮೊದಲೇ ಮೂಳೆತಜ್ಞರಿಗೆ ತೋರಿಸಬೇಕು. ನೆಲ ಗಟ್ಟಿಯಿರುವಾಗಲೇ ಗೂಟ ನಿಲ್ಲುವುದು.